ಮೂರನೆಯ ‘ಟಕ್’

ಬೆಳಗಿನ ಆರು ಗಂಟೆ. ಬೆಳಕಿನ್ನೂ ಶೆಡ್ಡಿನ ಹೊಸ್ತಿಲು ದಾಟಿಲ್ಲ. ಮೇಸ್ತ್ರಿ ಬೆಂಚಿನ ಮೇಲಿನ ಗೇರ್‌ಬಾಕ್ಸಿಗೆ ಕೆನ್ನೆಯಾನಿಸಿ, ಕಣ್ಣು ಮುಚ್ಚಿ, ಕುಂಬಳಕಾಯಿ ಗಾತ್ರದ ಟಾರ್ಕ್ ಕನ್ವರ್ಟರನ್ನು ತಿರುಗಿಸುತ್ತಿದ್ದಾರೆ. ನಿದ್ದೆಯಲ್ಲಿರುವ ಮಗುವಿನ ಮಗ್ಗುಲು ಬದಲಿಸುವಷ್ಟು ಮೆಲ್ಲಗೆ. ಟಕ್. ತುಸು ಹೊತ್ತಿಗೆ ಇನ್ನೊಂದು ಟಕ್. ಪಕ್ಕದ ಕೋಣೆಯಲ್ಲಿ ಓಡುತ್ತಿದ್ದ ಹೊಲಿಗೆ ಮೆಷಿನ್ ಗಕ್ಕನೆ ನಿಲ್ಲುತ್ತದೆ.

ಆಟೋಮ್ಯಾಟಿಕ್ ಕಾರಿಗೆ ಕ್ಲಚ್ ಪೆಡಲ್ ಇಲ್ಲ. ಇಂಜಿನ್ನಿನ ಬಲವನ್ನು ಎಣ್ಣೆಯ ಸುಳಿಯಲ್ಲಿ ಗೇರ್‌ಬಾಕ್ಸಿಗೆ ದಾಟಿಸುವುದು ಈ ಕುಂಬಳಕಾಯಿಯೇ. ಅದು ಸರಿಯಾಗಿ ಕೂರಬೇಕಾದರೆ ಕಥೆಯ ರಾಜಕುಮಾರಿಯ ಅಂತಃಪುರದಂತೆ ಮೂರು ಬಾಗಿಲು ದಾಟಬೇಕು: ಹಲ್ಲಿರುವ ಎರಡು ದಂಡ, ಕೊನೆಗೆ ಎಣ್ಣೆ ಪಂಪಿನ ಕಚ್ಚು. ಬಾಗಿಲಿಗೊಂದು ಟಕ್.

ಕಾರಿನೊಡತಿ ನರ್ಸಮ್ಮ ಆಗಲೇ ಬಂದು ನಿಂತಿದ್ದಾರೆ. ಹಾಸಿಗೆ ಹಿಡಿದವರ ಗಾಯಗಳಿಗೆ ಮನೆಮನೆಗೆ ಹೋಗಿ ಪಟ್ಟಿ ಕಟ್ಟುವವರು. ಇವತ್ತು ಹತ್ತು ಗಂಟೆಯಿಂದ ಎಂಟು ಮನೆಗಳಲ್ಲಿ ಅವರ ದಾರಿ ಕಾಯುತ್ತಾರೆ.

“ಬೋಲ್ಟ್ ಬಿಗಿದ್ರೆ ತಾನಾಗೇ ಒಳಗೆ ಹೋಗಲ್ವಾ ಮೇಸ್ತ್ರಿ?”

“ಹೋಗಲ್ಲಮ್ಮ, ಪಂಪ್ ಮುರಿಯುತ್ತೆ. ನಾನು ಮುರಿದಿದ್ದೀನಿ.”

ಮೂವತ್ತು ವರ್ಷದ ಹಿಂದಿನ ಮಾತು. ಎರಡು ಟಕ್ಕಿಗೇ ತೃಪ್ತಿಪಟ್ಟು ಬೋಲ್ಟಿನಿಂದ ಎಳೆದು ಕೂರಿಸಿದ ಕಾರು ಮೊದಲ ತಿರುವಿನಲ್ಲೇ ನಿಂತಿತ್ತು. ಮೇಸ್ತ್ರಿ ತಾವೇ ಕಾರಿನ ಯಜಮಾನರ ಮನೆಗೆ ಹೋಗಿ ತಪ್ಪೊಪ್ಪಿಕೊಂಡರು; ದಿನಾ ಆ ಮನೆಗೆ ಹೋಗಿ ತಿಂಗಳಲ್ಲಿ ಸರಿಮಾಡಿದರು.

“ಕಾರು ಹಾಳು ಮಾಡಿದವರಿಗೇ ಮಗಳನ್ನೂ ಕೊಟ್ರು ನಮ್ಮಪ್ಪ!” ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡ ಹೆಂಡತಿ ಬಾಗಿಲಿಗೆ ಬರುತ್ತಾರೆ.

“ಅದಕ್ಕೆ ಗ್ಯಾರಂಟಿ ಕೊಡ್ಲಿಲ್ಲ,” ಎನ್ನುತ್ತಾರೆ ಮೇಸ್ತ್ರಿ.

ಅಂದಿನಿಂದ ಆರುನೂರಕ್ಕೂ ಹೆಚ್ಚು ಗೇರ್‌ಬಾಕ್ಸ್ ಕೂರಿಸಿದ್ದಾರೆ, ಪಂಪ್ ಮುರಿದು ಒಂದೂ ಮರಳಿಲ್ಲ. ಆದರೆ ಕಳೆದ ವರ್ಷದಿಂದ ಎಡಗಿವಿ ಪೂರ್ತಿ, ಬಲಗಿವಿ ಅರ್ಧ ಮುಷ್ಕರ ಹೂಡಿವೆ. “ಟಕ್ ಅಂದಿದ್ದು ಕೈಗೆ ಗೊತ್ತಾಗುತ್ತೆ. ಆದ್ರೂ ಕಿವಿ ಹೂಂ ಅನ್ನದೆ ಮನಸ್ಸು ಒಪ್ಪಲ್ಲ.”

ಗೇರ್‌ಬಾಕ್ಸಿನ ಬಾಯಿಗೆ ಅಡ್ಡವಾಗಿ ಉಕ್ಕಿನ ಪಟ್ಟಿಯಿಟ್ಟು ಆಳ ಅಳೆಯುತ್ತಾರೆ. ಹತ್ತೊಂಬತ್ತು ಮಿಲಿಮೀಟರ್ ಇರಬೇಕಾದಲ್ಲಿ ಹನ್ನೊಂದು. ನರ್ಸಮ್ಮ ಗಡಿಯಾರ ನೋಡುತ್ತಾರೆ. ಮೇಸ್ತ್ರಿ ನೋಡುವುದಿಲ್ಲ, ಮತ್ತೆ ತಿರುಗಿಸುತ್ತಾರೆ, ತುಸು ಎತ್ತಿ, ತುಸು ಒತ್ತಿ. ಹತ್ತು ನಿಮಿಷ. ಇಪ್ಪತ್ತು.

“ಟಕ್ ಅಂತು, ಕೂತ್ಕೊಳ್ತು ರೀ!”

ಹೆಂಡತಿಗೆ ಕೇಳಿದ್ದು ಅವರಿಗೆ ಕೇಳಿಲ್ಲ. ಪಟ್ಟಿಯಿಟ್ಟು ನೋಡುತ್ತಾರೆ: ಹತ್ತೊಂಬತ್ತು. ಆಮೇಲಿನದೆಲ್ಲ ಮದುವೆಮನೆಯ ಓಡಾಟ. ಗೇರ್‌ಬಾಕ್ಸನ್ನು ಜ್ಯಾಕಿನ ಮೇಲೆ ಎತ್ತಿದರೆ, ಇಂಜಿನ್ನಿಗೆ ಅಂಗೈಯ ಒತ್ತಿಗೇ ಹೋಗಿ ಅಂಟುತ್ತದೆ. ಬೋಲ್ಟುಗಳು ಬೆರಳಲ್ಲೇ ತಿರುಗುತ್ತವೆ. ಕನ್ವರ್ಟರ್ ಇನ್ನೂ ಸಲೀಸಾಗಿ ಸುತ್ತುತ್ತದೆಂದು ಖಾತ್ರಿಯಾದ ಮೇಲೆಯೇ ಬೋಲ್ಟ್ ಬಿಗಿಯುವ ಪಾನಾ ಕೈಗೆ.

ಹತ್ತಕ್ಕೆ ಐದು ನಿಮಿಷವಿದೆ. ಎಣ್ಣೆ ತುಂಬಿದ ಕಾರು ಒಂದಿಷ್ಟೂ ಜಗ್ಗದೆ ಬೀದಿಗಿಳಿದು, ಆ ಮೊದಲ ತಿರುವನ್ನು ದಾಟಿ ಮರೆಯಾಗುತ್ತದೆ. ಅಲ್ಲಿಯವರೆಗೂ ಮೇಸ್ತ್ರಿ ರೆಪ್ಪೆ ಬಡಿಯುವುದಿಲ್ಲ.

ಇನ್ನೇನಾದರೂ ಆಸೆ ಉಂಟೇ ಎಂದು ಯಾರಾದರೂ ಕೇಳಿದರೆ ಕೈಯೊರೆಸಿಕೊಳ್ಳುತ್ತ ಪಕ್ಕದ ಕೋಣೆಯತ್ತ ತಲೆಯಾಡಿಸುತ್ತಾರೆ. ಅಲ್ಲಿ ಮೆಷಿನ್ ಮತ್ತೆ ಓಡತೊಡಗಿದೆ.

“ಮೂರನೇ ಟಕ್ ಅವಳಿಗೆ ಕೇಳಿದ್ರೆ ಸಾಕು. ನಂಗೆ ಆ ಮೆಷಿನ್ ಸದ್ದೊಂದು ಕೇಳ್ತಾ ಇರ್ಲಿ.”