ಆನೆಯ ಹಿಂಗಾಲು

ಊರಿನವರು ಅವನನ್ನು ಹಿಂಗಾಲು ಎಂದೇ ಕರೆಯುತ್ತಿದ್ದರು. ಬೈಗುಳವೇನೂ ಅಲ್ಲ. ಬೇಸಿಗೆ ಹಬ್ಬದ ಮಕ್ಕಳ ಮೆರವಣಿಗೆಯಲ್ಲಿ ಕೊನೆಗೆ ಬರುವ ಗೋಣಿಬಟ್ಟೆಯ ಆನೆಗೆ ಇಪ್ಪತ್ತಾರು ವರ್ಷ ಹಿಂಗಾಲಾಗಿದ್ದವನು ಅವನು. ಮುಂಗಾಲು ಅವನ ತಂಗಿಯ ಗಂಡ. ಇಬ್ಬರೂ ಕಾಲಿನ ಜೋಡು ಮಾಡುವ ಕಾರ್ಖಾನೆಯಲ್ಲಿ ಒಂದೇ ಮೇಜಿನವರು. ಹಿಂಗಾಲು ಅಟ್ಟೆ ಕತ್ತರಿಸಿ ಕೊಟ್ಟರೆ ಮುಂಗಾಲು ಅಂಟು ಬಳಿದು ಮೊಳೆ ಹೊಡೆಯುತ್ತಿದ್ದ. ಆನೆಯ ಕಿವಿ ಮಾಡಿದ್ದು ಕಾರ್ಖಾನೆಯ ಚೂರು ಚರ್ಮದಲ್ಲೇ. ಹಾಗಾಗಿ ನಮ್ಮೂರ ಆನೆ ಆನೆಯ ವಾಸನೆ ಹೊಡೆಯುತ್ತಿರಲಿಲ್ಲ, ಅಂಟಿನ ವಾಸನೆ ಹೊಡೆಯುತ್ತಿತ್ತು.

ಆ ಆನೆಯೊಳಗೆ ನಡೆಯುವುದು ಹುಡುಗಾಟವಲ್ಲ. ಬೆತ್ತದ ಚೌಕಟ್ಟು ಇಬ್ಬರ ಹೆಗಲ ಮೇಲೆ. ಬೆನ್ನ ಮೇಲೆ ಆ ವರ್ಷದ ಅತಿ ಚಿಕ್ಕ ಮಗು, ತಲೆಗೊಂದು ಕಾಗದದ ಕಿರೀಟ. ಮುಂದಿನವನಿಗೆ ಸೊಂಡಿಲ ಕೆಳಗೊಂದು ಕಿಂಡಿಯುಂಟು. ಹಿಂದಿನವನಿಗೆ ಕಾಣುವುದು ಮುಂದಿನವನ ಎರಡು ಹಿಮ್ಮಡಿ ಮಾತ್ರ. ಬಗ್ಗಿಕೊಂಡು, ಅವನ ಸೊಂಟದ ಪಟ್ಟಿ ಹಿಡಿದು, ಅವನು ಹೇಳಿದ ಹಾಗೆ ಕಾಲೆತ್ತಬೇಕು. "ಎಡ. ಬಲ. ಗುಂಡಿ. ಎಡ. ಮೆಟ್ಟಿಲು."

ಮೊದಲ ಎಂಟು ವರ್ಷ ಅದರೊಳಗೆ ಬರೀ ಹರಟೆ. ಒಮ್ಮೆ ಇಬ್ಬರೂ ಯಾವುದಕ್ಕೋ ಬಿದ್ದು ಬಿದ್ದು ನಕ್ಕು, ಆನೆ ನಡುಬೀದಿಯಲ್ಲಿ ಗಡಗಡ ನಡುಗಿತ್ತು. ಮಕ್ಕಳು ಆನೆಗೆ ಜ್ವರ ಬಂದಿದೆ ಎಂದುಕೊಂಡಿದ್ದವು.

ಆಮೇಲೆ ಮುಷ್ಕರ ಬಂತು. ಎಪ್ಪತ್ತಮೂರು ದಿನ ಗೇಟಿನ ಮುಂದೆ ಕೂತೆವು. ಅರವತ್ತೊಂದನೆಯ ದಿನ ಬೆಳಿಗ್ಗೆ ಮುಂಗಾಲು ಹಿಂದಿನ ಗೇಟಿನಿಂದ ಒಳಗೆ ಹೋದ. ಕಾರಣ ಇತ್ತು. ಕಾರಣ ಎಲ್ಲರಿಗೂ ಇತ್ತು. ಹಸಿವು ಅವನ ಮನೆಯನ್ನಷ್ಟೇ ಹುಡುಕಿಕೊಂಡು ಹೋಗಿರಲಿಲ್ಲ. ಆ ಸಂಜೆಯ ಸಭೆಯಲ್ಲಿ ನಿರ್ಣಯವಾಯಿತು: ಒಳಗೆ ಹೋದವರೊಂದಿಗೆ ಯಾರೂ ಮಾತಾಡತಕ್ಕದ್ದಲ್ಲ. ಯೂನಿಯನ್ನಿನ ಕಾರ್ಯದರ್ಶಿಯಾಗಿ ಅದನ್ನು ಪುಸ್ತಕದಲ್ಲಿ ಬರೆದವನು ನಾನು. ಮೊದಲು ಕೈ ಎತ್ತಿದವನು ಹಿಂಗಾಲು. ಸ್ವಂತ ತಂಗಿಯ ಗಂಡನ ವಿರುದ್ಧ ಕೈ ಎತ್ತುವುದನ್ನು ನೋಡಿ ನಾವು ಚಪ್ಪಾಳೆ ಹೊಡೆದೆವು. ಹೊಡೆಯಬಾರದಿತ್ತು.

ಮುಷ್ಕರ ಅರ್ಧ ಗೆದ್ದೆವು, ಅರ್ಧ ಸೋತೆವು. ಐದು ವರ್ಷಕ್ಕೆ ಕಾರ್ಖಾನೆಯೇ ಮುಚ್ಚಿತು. ಒಳಗಿದ್ದವರು, ಹೊರಗಿದ್ದವರು ಎಲ್ಲರೂ ಒಂದೇ ದಿನ ಬೀದಿಗೆ ಬಿದ್ದ ಮೇಲೆ ಯಾರ ಮೇಲೆ ಸಿಟ್ಟು? ಚಹಾದಂಗಡಿಯಲ್ಲಿ ಒಬ್ಬೊಬ್ಬರೇ ಮುಂಗಾಲಿನೊಡನೆ ಮಾತಿಗಿಳಿದರು. ನಾನೂ ಇಳಿದೆ. ನಿರ್ಣಯ ಮಾಡಿದವರು ನಾವು ನಲವತ್ತು ಜನ, ಪಾಲಿಸಿದವನು ಹಿಂಗಾಲು ಒಬ್ಬನೇ.

ಆದರೆ ಆನೆಯನ್ನು ಮಾತ್ರ ಅವನು ಬಿಡಲಿಲ್ಲ. ಮುಷ್ಕರದ ವರ್ಷವೇ ಮೆರವಣಿಗೆಯ ಟೀಚರಮ್ಮ ಹೋಗಿ ಕೇಳಿದಾಗ ಅವನು ಹೇಳಿದ್ದು ಇಷ್ಟೇ: "ಆನೆಗೆ ಬರ್ತೀನಿ. ಮಾತಿಗೆ ಬರಲ್ಲ." ಅಲ್ಲಿಂದ ಹದಿನೆಂಟು ವರ್ಷ ಹಾಗೇ ನಡೆಯಿತು. ಮುಂದಿನವನು ಎಡ, ಬಲ ಅನ್ನುತ್ತಿದ್ದ. ಹಿಂದಿನವನು ಕಾಲೆತ್ತುತ್ತಿದ್ದ, ಬಾಯಿ ತೆರೆಯುತ್ತಿರಲಿಲ್ಲ. ಚಹಾದಂಗಡಿಯವಳು ನಗುತ್ತಿದ್ದಳು: "ಏನ್ ಆನೇನಪ್ಪಾ ನಿಮ್ದು! ಮುಂದಿನರ್ಧ ಮಾತಾಡತ್ತೆ, ಹಿಂದಿನರ್ಧ ಮುನಿಸ್ಕೊಂಡಿರತ್ತೆ!"

ಹೋದ ವರ್ಷ ಹಬ್ಬಕ್ಕೆ ಎರಡು ವಾರವಿದ್ದಾಗ ತಂಗಿ ಅವನ ಮನೆಗೆ ಬಂದಳು. ಒಂದೇ ಕೋಣೆ. ಕಿಟಕಿಯ ಪಕ್ಕ ಹಳೆಯ ಜೋಡುಗಳಿಗೆ ಅಟ್ಟೆ ಹಾಕುವ ಮಣೆ, ಗೋಡೆಯುದ್ದಕ್ಕೂ ಊರಿನವರ ಸವೆದ ಜೋಡು. ಅವಳು ಕೂರಲಿಲ್ಲ.

"ಅಣ್ಣಾ, ಅವ್ರ ಎದೆ ಪೂರ್ತಿ ಹಾಳಾಗಿದೆ. ಆ ಅಂಟಿನ ಹೊಗೆ. ಚಳಿಗಾಲ ದಾಟೋದು ಕಷ್ಟ ಅಂದ್ರು ಡಾಕ್ಟ್ರು."

ಅವನು ಮೊಳೆಗಳನ್ನು ತುಟಿಯ ಮಧ್ಯೆ ಕಚ್ಚಿಕೊಂಡಿದ್ದ. ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದ.

"ಹಾಗಿದ್ರೆ ಈ ವರ್ಷ ಆನೆಗೆ ಬರೋದು ಬೇಡ ಅನ್ನು."

"ನನ್ನ ಮಾತು ಕೇಳ್ತಾರಾ? 'ವರ್ಷಕ್ಕೆ ಅರ್ಧ ಗಂಟೆ ನಿಮ್ಮಣ್ಣ ನನ್ನ ಜೊತೆ ಇರೋದು ಅಲ್ಲಿ ಮಾತ್ರ, ಅದನ್ನೂ ಬಿಡಿಸ್ತೀಯಾ?' ಅಂತಾರೆ. ನೀನೇ ಬಂದು ಒಂದ್ಮಾತು ಹೇಳು."

"ಯೂನಿಯನ್ ತೀರ್ಮಾನ ಅದು. ನನ್ನದಲ್ಲ."

"ಯಾವ ಯೂನಿಯನ್ ಅಣ್ಣಾ? ಆ ಆಫೀಸಲ್ಲೀಗ ಮೊಬೈಲ್ ರಿಪೇರಿ ಮಾಡ್ತಾರೆ! ನಿನಗೆ ತಂಗಿ ಅನ್ನೋಳು ಒಬ್ಬಳಿದಾಳೆ ಅನ್ನೋದು ಆ ಪುಸ್ತಕದಲ್ಲಿ ಬರೆದಿಲ್ವಾ?"

ಮರುದಿನ ಅವನು ನನ್ನ ಬಾಗಿಲಿಗೆ ಬಂದ. ಒಗೆದ ಅಂಗಿ, ಬಾಚಿದ ತಲೆ, ಹಿಂದೆ ಸಭೆಗೆ ಬರುತ್ತಿದ್ದ ಹಾಗೆ.

"ಆ ನಿರ್ಣಯ ಇನ್ನೂ ಇದೆಯಾ?"

"ಯಾವುದು?" ಅಂದೆ. ನಿಜವಾಗಿಯೂ ಮರೆತಿದ್ದೆ.

ಅವನು ನನ್ನ ಮುಖವನ್ನೇ ನೋಡಿದ. ಹದಿನೆಂಟು ವರ್ಷ ಹೊತ್ತ ಮೂಟೆಯನ್ನು ಇಳಿಸಲು ಬಂದವನಿಗೆ ಮೂಟೆ ಕೊಟ್ಟವನೇ ಇದು ಯಾರದು ಎಂದು ಕೇಳಿದಂತಾಗಿತ್ತು. ನೆನಪಾದೊಡನೆ ನಾಚಿಕೆಯಾಯಿತು. ನಾಚಿಕೆಯಾದಾಗ ನಮ್ಮಂಥವರು ಮಾಡುವ ಕೆಲಸವನ್ನೇ ಮಾಡಿದೆ, ನಿಯಮ ಹೇಳಿದೆ.

"ಸಭೆಯಲ್ಲಿ ಆಗಿದ್ದನ್ನ ಸಭೆಯಲ್ಲೇ ತೆಗೀಬೇಕು. ಉಳಿದಿರೋರನ್ನ ಕರೆಯೋಣ. ಶನಿವಾರ ಹಬ್ಬ ಮುಗೀಲಿ. ಅದರ ಮುಂದಿನ ವಾರ, ಭಾನುವಾರ."

ಹೋಗಿ ಮಾತಾಡೋ ದಡ್ಡಾ, ಎಂದು ಬೆನ್ನಿಗೊಂದು ಗುದ್ದಿ ಕಳಿಸಬಹುದಿತ್ತು. ನನಗೆ ಹೊಳೆಯಲಿಲ್ಲ. ಅವನು ತಲೆಯಾಡಿಸಿ ಹೋದ.

ಹಬ್ಬದ ದಿನ ರಣಬಿಸಿಲು. ಚಿಟ್ಟೆ, ಕಪ್ಪೆ, ರಾಜ, ರಾಣಿ ವೇಷದ ಮಕ್ಕಳು ಶಾಲೆಯ ಗೇಟಿನಿಂದ ಹೊರಟವು. ಕೊನೆಗೆ ಆನೆ. ಮೇಲೆ ಬ್ರೆಡ್ಡಿನಂಗಡಿಯವನ ನಾಲ್ಕು ವರ್ಷದ ಮೊಮ್ಮಗಳು. ಆನೆಯೊಳಗೆ ಆದದ್ದನ್ನು ಹಿಂಗಾಲು ನನಗೆ ಆಮೇಲೆ ಹೇಳಿದ. ಮೊದಲು ಅವನ ಕಣ್ಣಿಗೆ ಬಿದ್ದದ್ದು ಹಿಮ್ಮಡಿಗಳು. ಜೋಡು ಸವೆದ ಬಗೆ ನೋಡಿ ಅದರ ಒಡೆಯ ಯಾರೆಂದು ಹೇಳುವವನು ಅವನು. ಮುಂಗಾಲಿನ ಜೋಡಿನ ಹಿಮ್ಮಡಿ ಯಾವಾಗಲೂ ಹೊರಗಡೆಗೆ ಸವೆಯುತ್ತಿತ್ತು. ಆ ದಿನ ಜೋಡೇ ಇರಲಿಲ್ಲ. ಜೋಡು ಹಿಡಿಸದಷ್ಟು ಕಾಲು ಊದಿ, ರಬ್ಬರ್ ಚಪ್ಪಲಿಯಲ್ಲಿ ಬಂದಿದ್ದ.

ಪೇಟೆ ಬೀದಿ ಹೇಗೋ ದಾಟಿತು. ಗ್ರಂಥಾಲಯದ ಏರು ಹತ್ತುವಾಗ ಎಡಕ್ಕೂ ಬಲಕ್ಕೂ ನಡುವೆ ಬರೀ ಶಿಳ್ಳೆಯಂಥ ಉಸಿರು. ಆಮೇಲೆ "ಎಡ" ಬಂತು, "ಬಲ" ಬರಲಿಲ್ಲ. ಆನೆ ನಿಂತಿತು.

"ಆನೆ ಕೆಟ್ಟೋಯ್ತು! ಆನೆ ಕೆಟ್ಟೋಯ್ತು!" ಎಂದು ಕಪ್ಪೆಗಳು ಕುಣಿದವು. ಚೌಕಟ್ಟು ಮುಂದಕ್ಕೆ ವಾಲಿತು. ಮೇಲಿದ್ದ ಮಗು ಕಿರುಚಿತು.

ಹಿಂಗಾಲು ಸೊಂಟದ ಪಟ್ಟಿ ಬಿಟ್ಟು ಒಂದು ಕೈಯಿಂದ ಮುಂದಿನವನ ಎದೆಯನ್ನು ಸುತ್ತಿ ಹಿಡಿದ. ಇನ್ನೊಂದು ಕೈಯಿಂದ ಚೌಕಟ್ಟನ್ನು ಮೇಲಕ್ಕೆ ತಳ್ಳಿ, ಭಾರವನ್ನೆಲ್ಲ ತನ್ನ ಬೆನ್ನಿಗೆ ಎಳೆದುಕೊಂಡ. ಆಮೇಲೆ ಬಾಯಿ ತೆರೆದ.

"ಬಲ," ಅಂದ. "ಎಡ. ಬಲ."

ದಾರಿ ಕಾಣುತ್ತಿರಲಿಲ್ಲ. ಇಪ್ಪತ್ತಾರು ವರ್ಷದ ದಾರಿ, ಕಾಲಿಗೆ ಗೊತ್ತಿತ್ತು. ಏರು ಮುಗಿಯುತ್ತಿದ್ದ ಹಾಗೆ ಮುಂಗಾಲಿಗೆ ಒಂಚೂರು ಉಸಿರು ಬಂತು.

"ನಿನ್ ಗಂಟಲಿಗೂ ವಯಸ್ಸಾಯ್ತಲ್ಲೋ ಭಾವ," ಅಂದ.

ಹಿಂಗಾಲಿನ ಬಾಯಿಗೆ ಉತ್ತರ ಬಂದಿತ್ತಂತೆ. ನಿನ್ನ ಕಾಲು ನೋಡ್ಕೋ ಮೊದ್ಲು, ಕುಂಬಳಕಾಯಿ ಆಗಿದೆ, ಮನೆಗೆ ಹೋಗಿ ದಿಂಬಿನ ಮೇಲಿಟ್ಕೊಂಡು ಮಲ್ಕೋ, ಎಂದು. ಹೇಳಲಿಲ್ಲ. ನಿರ್ಣಯ ತೆಗೆಯುವ ಭಾನುವಾರಕ್ಕೆ ಎಂಟೇ ದಿನವಿತ್ತು. "ಎಡ" ಅಂದ, "ಬಲ" ಅಂದ, ಮೈದಾನದ ವೇದಿಕೆ ಮುಟ್ಟಿಸಿದ. ಮಗುವನ್ನು ಇಳಿಸಿಕೊಂಡರು, ಜನ ಚಪ್ಪಾಳೆ ಹೊಡೆದರು. ತಂಗಿ ಗಂಡನನ್ನು ಆಟೋದಲ್ಲಿ ಕೂರಿಸಿಕೊಂಡು ಹೋದಳು.

ಗುರುವಾರ ಮಧ್ಯಾಹ್ನ ಮುಂಗಾಲು ತೀರಿಕೊಂಡ.

ಹಿಂಗಾಲು ಹೆಣದ ಹತ್ತಿರ ನಿಂತಿದ್ದ. ನನ್ನನ್ನು ಗೋಡೆಯ ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿ, ಕೊನೆಗೆ ಕೇಳಿದ: "ಎಡ, ಬಲ ಅನ್ನೋದು ಮಾತಲ್ಲ ಅಲ್ವಾ? ನಾನು ನಿರ್ಣಯ ಮುರಿದಿಲ್ಲ ತಾನೇ?" ಮುರಿದೆ ಅನ್ನಲೋ, ಇಲ್ಲ ಅನ್ನಲೋ? ಅವನಿಗೆ ಯಾವುದು ಬೇಕಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಭಾನುವಾರ ಸಭೆಗೆ ಬಾ ಅಂದೆ.

ಭಾನುವಾರ ಚಹಾದಂಗಡಿಯ ಹಿಂದಿನ ಕೋಣೆಯಲ್ಲಿ ಸಭೆ ಸೇರಿತು. ನಲವತ್ತರಲ್ಲಿ ಉಳಿದಿದ್ದ ಏಳು ಮುದುಕರು. ಟ್ರಂಕಿನಿಂದ ಪುಸ್ತಕ ತೆಗೆದು, ಆ ಪುಟ ಬಿಡಿಸಿ, ಪೆನ್ನು ಹಿಡಿದೆ. ನಿರ್ಣಯ ರದ್ದಿಗೆ ಆರು ಕೈ ಮೇಲೆದ್ದವು. ಅವನ ಕೈ ಮೊಣಕಾಲ ಮೇಲೇ ಇತ್ತು.

"ಇರಲಿ ಬಿಡಿ," ಅಂದ. "ಈಗ ಹೊಡೆದುಹಾಕಿದ್ರೆ, ಇಷ್ಟು ವರ್ಷ ನಾನು ಯಾಕೆ ಸುಮ್ನಿದ್ದೆ?"

ಎದ್ದಿದ್ದ ಆರು ಕೈಗಳೂ ಕೆಳಗಿಳಿದವು. ಪುಸ್ತಕ ಮುಚ್ಚಿದೆ. ಆ ಸಾಲು ನನ್ನ ಅಕ್ಷರದಲ್ಲಿ ಈಗಲೂ ಹಾಗೇ ಇದೆ.

ಈ ವರ್ಷ ಟೀಚರಮ್ಮ ಅವನ ಮಣೆಯ ಹತ್ತಿರ ಹೋಗಿ, ಮುಂಗಾಲಿಗೆ ಗಟ್ಟಿಯಾದ ಹೊಸಬನೊಬ್ಬ ಸಿಕ್ಕಿದ್ದಾನೆ, ನೀವು ಬಂದರೆ ಸಾಕು ಅಂದರು. ಅವನು ಕೈಯಲ್ಲಿದ್ದ ಜೋಡನ್ನು ತಿರುಗಿಸಿ ಹಿಮ್ಮಡಿ ನೋಡುತ್ತಾ ಕೂತಿದ್ದ.

"ಬೇಡ ಟೀಚರ್. ಹಿಂದೆ ನಿಲ್ಲೋನಿಗೆ ಏನೂ ಕಾಣಲ್ಲ. ಗೊತ್ತಿರೋ ಗಂಟಲು ಬೇಕು."