ಬೆಂಕಿ ಇಳಿದ ಚಹಾ

ಗಲ್ಫಿನ ಜೆಬೆಲ್ ಅಲಿ ಬಂದರಿನ ನಮ್ಮ ಚಹಾ ಗೋದಾಮಿನಲ್ಲಿ ತೆರೆಸಾಬಾಯಿಯ ನಾಲಿಗೆಗೆ ಎದುರಿರಲಿಲ್ಲ. ನಮ್ಮ ಕರಾವಳಿಯ ಶಿರ್ವದ ಹೆಂಗಸು. ಲೋಟ ತೊಳೆಯಲು ಬಂದವರು, ತಳದಲ್ಲಿ ಉಳಿದ ಗುಟುಕನ್ನು ಸೊರ್ರೆಂದು ಎಳೆದು ಉಗುಳಿ ಕಲಿತು, ಹದಿನೆಂಟು ವರ್ಷಗಳಲ್ಲಿ ರುಚಿ ನೋಡುವವರ ಕುರ್ಚಿಗೇ ಏರಿದ್ದರು. ನಾನು ಪೆಟ್ಟಿಗೆ ಎತ್ತಿಡುವ ಮೂಸಬ್ಬ, ಅವರ ಬಾಯಲ್ಲಿ 'ಬ್ಯಾರಿಗಳು'. ಓದು ಇಬ್ಬರಿಗೂ ಐದನೆಯ ಕ್ಲಾಸು. ಆದರೆ ಎಲೆಯ ಸಂಗತಿ ಬಂದರೆ ಡಿಗ್ರಿಯವರು ನಮ್ಮೆದುರು ಬಾಯಿ ಬಿಡುತ್ತಿರಲಿಲ್ಲ.

2011ರಲ್ಲಿ ಚೀನಾದಿಂದ ಬಂದ ನಲವತ್ತು ಪೆಟ್ಟಿಗೆ ಕಪ್ಪು ಚಹಾವನ್ನು ಹಳತಾಗಲೆಂದೇ ತಗಡಿನಲ್ಲಿ ಬಿಗಿದು ಇಟ್ಟೆವು. ಅಬುಧಾಬಿಯ ಹೋಟೆಲೊಂದು ಅಂಥದ್ದನ್ನೇ ಕೇಳಿತ್ತು. ವರ್ಷಕ್ಕೊಂದು ಪೆಟ್ಟಿಗೆ ತೆರೆದು ತೆರೆಸಾಬಾಯಿ ನೋಡುತ್ತಿದ್ದರು. ಮೊದಲ ವರ್ಷ ಎಲೆ ಒಣಗಿಸಿದ ಒಲೆಯ ಬೆಂಕಿ ಇನ್ನೂ ಎಲೆಯಲ್ಲೇ ಇತ್ತು, ಗಂಟಲಿಗೆ ಹತ್ತುತ್ತಿತ್ತು. ಎರಡನೆಯ ವರ್ಷ ಬೆಂಕಿ ಇಳಿಯಿತು. ಮೂರರಲ್ಲಿ ಒಗರು ಹೋಗಿ ಬೆಲ್ಲದ ಸಿಹಿ ಬಂತು, ಹೂವಿನ ಪರಿಮಳ ಮಾತ್ರ ಕಮ್ಮಿಯಾಗಿತ್ತು. "ಮೇಲಿನ ಸೆಂಟು ಹೋಯ್ತು, ಒಳಗಿನ ಗುಣ ಉಂಟು ಬ್ಯಾರಿಗಳೇ," ಎಂದಿದ್ದರು. ನಾಲ್ಕರಲ್ಲಿ ಒಣ ಖರ್ಜೂರದ ರುಚಿ.

2016ರ ಬೇಸಗೆಯಲ್ಲಿ ಅವರಿಗೆ ಹತ್ತು ದಿನ ಜ್ವರ. ಎದ್ದ ಮೇಲೆ ಮೆಸ್ಸಿನ ಅಡುಗೆಯವನ ಜೊತೆ ದಿನಾ ಜಗಳ. "ಸಾರಿಗೆ ಉಪ್ಪು ಹಾಕಿದ್ರೆ ನಿನ್ನ ಅಪ್ಪನ ಗಂಟು ಹೋಗ್ತದಾ?" ಉಪ್ಪು ಸರಿಯಾಗಿಯೇ ಇತ್ತು. ನಾವು ನಕ್ಕುಬಿಟ್ಟೆವು.

ಅದೇ ತಿಂಗಳು ಹೋಟೆಲಿಗೆ ಕಳಿಸುವ ಮುಂಚೆ ಐದನೆಯ ಪೆಟ್ಟಿಗೆ ತೆರೆದೆವು. ಅವರು ಮೂರು ಸಲ ಎಳೆದು, ಮೂರು ಸಲ ಉಗುಳಿ, ಚಮಚ ಕೆಳಗಿಟ್ಟರು.

"ಸತ್ತಿದೆ. ಖಲಾಸ್. ಬರೀ ಬಿಸಿನೀರು."

ಮ್ಯಾನೇಜರ್ ಶಾಮಸುಂದರರಿಗೆ ಗ್ಯಾಸ್ಟ್ರಿಕ್, ಚಹಾ ಮುಟ್ಟುವವರಲ್ಲ. ತೆರೆಸಾಬಾಯಿಯ ಮಾತಿನ ಮೇಲೆಯೇ ಎಸೆಯುವ ಕಾಗದಕ್ಕೆ ಸಹಿ ಬಿತ್ತು. ಉಳಿದದ್ದನ್ನೆಲ್ಲ ಕಸದ ಲಾರಿಗೆ ನಾನೇ ಸುರಿದೆ. ಐದು ವರ್ಷ ಕಾದ ಎಲೆ. ಮನಸ್ಸು ಒಪ್ಪದೆ ಎರಡು ಹಿಡಿ ಜೇಬಿಗಿಳಿಸಿದೆ.

ಮರುದಿನ ಊಟದ ಹೊತ್ತಿಗೆ ಅದಕ್ಕೆ ಕುದಿನೀರು ಹೊಯ್ದೆ. ಕೋಣೆ ತುಂಬ ಖರ್ಜೂರದ ವಾಸನೆ. ಒಂದು ಗುಟುಕಿಗೇ ಗೊತ್ತಾಯಿತು, ಚಹಾ ಸತ್ತಿರಲಿಲ್ಲ. ತೆರೆಸಾಬಾಯಿಗೊಂದು ಲೋಟ ಕೊಟ್ಟೆ.

"ಎಂತ ಬ್ಯಾರಿಗಳೇ, ಎಲೆ ಹಾಕ್ಲಿಕ್ಕೆ ಮರ್ತು ಹೋಯ್ತಾ?"

ಆಮೇಲೆ ಲೋಟದೊಳಗಿನ ಗಾಢ ಕೆಂಪನ್ನು ನೋಡಿದರು. ನನ್ನ ಮುಖವನ್ನೂ.

"ನಿನ್ನೆಯದ್ದಾ? ನಿಮಗೆ ಎಂತ ರುಚಿ ಸಿಗ್ತದೆ?"

"ಖರ್ಜೂರ."

"ಒಗರು?"

"ಇಲ್ಲ ತೆರೆಸಾಬಾಯಿ. ಕೊನೆಗೆ ಬೆಲ್ಲ. ತುಂಬ ಹೊತ್ತು ನಿಲ್ತದೆ."

ಮೇಜಿನ ಮೇಲಿದ್ದ ಉಪ್ಪಿನಿಂದ ಒಂದು ಚಿಟಿಕೆ ತೆಗೆದು ನಾಲಿಗೆಗಿಟ್ಟರು, ಮತ್ತೆ ಇನ್ನೊಂದು ಚಿಟಿಕೆ. "ಪಾಪ, ಅಡುಗೆಯವನಿಗೆ ಸುಮ್ಮನೆ ಬೈದೆ," ಎಂದು ಎದ್ದರು.

ಮ್ಯಾನೇಜರರ ಆಫೀಸಿನ ಮೆಟ್ಟಿಲಿಗೆ ಅಡ್ಡ ನಿಂತೆ. "ಹೇಳ್ಬೇಡಿ. ಹೋದದ್ದು ಹೋಯ್ತು, ಯಾರಿಗೆ ಗೊತ್ತುಂಟು?"

"ನಾಳೆ ಇನ್ನೊಂದು ಲೋಡು ಬರ್ತದಲ್ಲ ಮಾರಾಯ್ರೆ," ಎಂದು ನನ್ನನ್ನು ಸರಿಸಿ ಹತ್ತಿದರು.

ಹದಿನೈದು ದಿನದಲ್ಲಿ ಅವರ ವೀಸಾ ಕ್ಯಾನ್ಸಲ್. ಹೊರಡುವ ದಿನ ಉಳಿದ ಹಿಡಿಯನ್ನು ಕಾಗದದಲ್ಲಿ ಕಟ್ಟಿ ಕಂಪನಿ ಬಸ್ಸಿನ ಬಳಿ ಕೊಟ್ಟೆ. ತೆಗೆದುಕೊಳ್ಳಲಿಲ್ಲ. "ನನಗೆ ಇನ್ನು ಅದೂ ಒಂದೇ, ಬಿಸಿನೀರೂ ಒಂದೇ. ನೀವೇ ಕುಡೀರಿ."

ಕುಡಿಯಲು ಮನಸ್ಸಾಗದೆ ಕಪಾಟಿನಲ್ಲಿಟ್ಟೆ. ಮರುವರ್ಷ ಬಿಚ್ಚಿದಾಗ ಮುಗ್ಗುಲು ಹಿಡಿದಿತ್ತು. ಈ ಸಲ ಸತ್ತದ್ದು ಚಹಾವೇ.