ಎದ್ದು ಹೋದರೆ ಮತ್ತೆ ಕರೆಯುವ ರಾಜರು

ನನ್ನ ಲ್ಯಾಪ್‌ಟಾಪ್ ಮುಟ್ಟುವ ಮೊದಲು ಅವರು ತೋರುಬೆರಳನ್ನು ಹೆಗಲ ಟವೆಲಿಗೆ ಎರಡು ಸಲ ಒರೆಸಿಕೊಳ್ಳುತ್ತಿದ್ದರು. ಆದರೂ ಟಚ್‌ಪ್ಯಾಡಿನ ಮೇಲೆ ಎಣ್ಣೆಯ ಗುರುತೊಂದು ಉಳಿಯುತ್ತಿತ್ತು. ಮುಂಬೈ ಬಳಿಯ ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಅವರದು ಎಂಟು ಮೇಜಿನ ಹೋಟೆಲು. ಉಡುಪಿ ಕಡೆಯವರು, ಗಿರಾಕಿಗಳಿಗೆಲ್ಲ ‘ಅಣ್ಣ’. ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಿದ್ದ ನಾನು ಮಧ್ಯಾಹ್ನ ಊಟಕ್ಕೆ ಹೋದವನು, ಜನ ಕರಗಿದ ಮೇಲೂ ಅಲ್ಲೇ ಕೂತು ಹಳೆಯ ಕಾಲದ ರಾಜ್ಯ ಕಟ್ಟುವ ಒಂದು ವಿಡಿಯೋ ಗೇಮ್ ಆಡುತ್ತಿದ್ದೆ. ಒಂದು ದಿನ ಅವರೂ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು.

ಯುದ್ಧದಲ್ಲಿ ಅವರಿಗೆ ಆಸಕ್ತಿಯಿರಲಿಲ್ಲ. ನೆರೆರಾಜ್ಯಗಳೊಡನೆ ಉಪ್ಪು, ಕುದುರೆ, ಕಬ್ಬಿಣದ ಒಪ್ಪಂದ ಮಾಡುವ ಹೊತ್ತಿಗೆ ಮಾತ್ರ ಕನ್ನಡಕ ಏರಿಸುತ್ತಿದ್ದರು. ಅರ್ಥಶಾಸ್ತ್ರದ ಎಂ.ಎ. ಮಾಡಿದ್ದ ನಾನು ಕಂಪ್ಯೂಟರ್ ರಾಜರನ್ನು ಹಿಂಡುವ ಉಪಾಯ ಕಂಡುಕೊಂಡಿದ್ದೆ: ಹೆಚ್ಚು ಕೇಳುವುದು, ಒಪ್ಪದಿದ್ದರೆ ಮಾತುಕತೆ ಮುರಿದು ಎದ್ದು ಹೋಗುವುದು. ಮುಂದಿನ ಸರದಿಗೆ ಆ ರಾಜ ತಾನೇ ಕರೆದು ಕೊಡುತ್ತಿದ್ದ.

“ಇಷ್ಟು ಹಿಂಡಿದ್ರೆ ಅವ ನಾಳೆ ನಿಮ್ಮ ಬಾಗಿಲಿಗೆ ಬರ್ತಾನಾ ಮಾರಾಯ್ರೆ?”

“ಬರ್ಲೇಬೇಕು ಅಣ್ಣ. ಬೇರೆ ದಾರಿಯಿಲ್ಲ ಅವನಿಗೆ.”

“ಹಾಗಾದ್ರೆ ಅವ ರಾಜ ಅಲ್ಲ, ನಮ್ಮ ಗ್ರೈಂಡರ್. ಸ್ವಿಚ್ ಒತ್ತಿದ್ರೆ ತಿರುಗ್ತದೆ.”

ಹೋಟೆಲಿನ ಬಾಡಿಗೆ ಕರಾರು ಮುಗಿಯುತ್ತ ಬಂದಾಗ ಜಾಗದ ಮಾಲೀಕರ ಮನೆಗೆ ನನ್ನನ್ನೂ ಕರೆದೊಯ್ದರು. ಇಂಗ್ಲಿಷ್ ಕಾಗದ ಓದಿ ಹೇಳಲಿಕ್ಕೆ ಮಾತ್ರವೋ, ಮಾತಾಡಲಿಕ್ಕೂ ಹೌದೋ, ಈಗ ಖಾತ್ರಿಯಿಲ್ಲ. ‘ನೀವೇ ಮಾತಾಡಿ’ ಎಂದ ದನಿ ಕಿವಿಯಲ್ಲಿದೆ. ಅದನ್ನು ಆಮೇಲೆ ನಾನೇ ಸೇರಿಸಿಕೊಂಡಿರಲೂಬಹುದು. ಮಾಲೀಕರು ಮೂರು ವರ್ಷಕ್ಕೆ ಸಿದ್ಧರಿದ್ದರು. ಅಣ್ಣನಿಗೆ ಅಷ್ಟು ಸಾಕಿತ್ತು. ನಾನು ಹಿಂದಿಯಲ್ಲಿ, ಐದು ವರ್ಷ ಕೊಡಿ, ಇಲ್ಲವಾದರೆ ಜಾಗ ಬಿಡುತ್ತೇವೆ ಎಂದುಬಿಟ್ಟೆ.

ಮಾಲೀಕರು ಅಣ್ಣನ ಮುಖ ನೋಡಿದರು. ಅಣ್ಣ ಟವೆಲು ಸರಿಮಾಡಿಕೊಂಡರು.

“ಠೀಕ್ ಆಹೆ ಅಣ್ಣಾ, ಖಾಲಿ ಕರಾ,” ಎಂದು ಮರಾಠಿಯಲ್ಲಿ ಜಾಗ ಖಾಲಿ ಮಾಡಲು ಹೇಳಿ ಮಾಲೀಕರು ಎದ್ದರು. ಮತ್ತೆ ಕರೆಯಲಿಲ್ಲ.

ಅಂದಿನ ಡೈರಿಯಲ್ಲಿ ನಾನು ಬರೆದದ್ದು ‘ಮಾಲೀಕ ಹಟಮಾರಿ’ ಎಂದಷ್ಟೆ.

ಹೋಟೆಲು ಹೋಯಿತು. ಅಣ್ಣ ಕೆಲವು ಸ್ಟೇಷನ್ ಆಚೆಯ ಕಳವಾ ಎಂಬಲ್ಲಿ ಬೇರೆಯವರ ಹೋಟೆಲಿನ ಗಲ್ಲಾದಲ್ಲಿ ಕೂತರು. ಅಲ್ಲಿಗೆ ಹೋಗಿ, ಅವತ್ತು ಯಾಕೆ ನನ್ನನ್ನು ತಡೆಯಲಿಲ್ಲ ಎಂದು ಕೇಳಿದೆ.

“ಕರ್ಕೊಂಡು ಹೋದದ್ದು ನಾನು. ನಮ್ಮ ಕಡೆಯವರ ಮಾತನ್ನು ಎದುರಿನವರ ಮುಂದೆ ಕಡೀಲಿಕ್ಕುಂಟಾ? ಕಾಫಿ ಕುಡೀರಿ, ಆರ್ತದೆ.”

ಒಂದು ಮಾತು ಆಡಿದ್ದರೆ ಹೋಟೆಲು ಉಳಿಯುತ್ತಿತ್ತು. ನನ್ನ ಮರ್ಯಾದೆಗೆ ಅವರು ಅಷ್ಟು ದೊಡ್ಡ ಬೆಲೆ ತೆತ್ತರು, ನಾನದನ್ನು ಕೇಳಿರಲಿಲ್ಲ. ಆಮೇಲಾದರೂ ಬೈಯಬಹುದಿತ್ತು. ಬೈಯದೆಯೇ ಕಳೆದ ವರ್ಷ ತೀರಿಕೊಂಡರು.

ಆ ಗೇಮ್ ಈಗಲೂ ಆಡುತ್ತೇನೆ. ಒಪ್ಪದ ರಾಜನೆದುರು ಎದ್ದು ಹೋಗುತ್ತೇನೆ. ಮುಂದಿನ ಸರದಿಗೆ ಅವನು ಹೆಚ್ಚು ಕೊಡಲು ಬಂದೇ ಬರುತ್ತಾನೆ. ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.